ಊಟವಿಲ್ಲದ ಉಪ್ಪಿನಕಾಯಿ

ಊಟಕ್ಕಿಲ್ಲದ ಉಪ್ಪಿನಕಾಯಿ ಇದ್ದರೆಷ್ಟು ಬಿಟ್ಟರೆಷ್ಟು ಅಂತ ಗಾದೆ. ಬೆಂಗಳೂರು ಅದನ್ನೂ ತಿರುವಿ ಹಾಕಿದೆ. ಕಳೆದ ಭಾನುವಾರ ಇಂದಿರಾನಗರದ ಒಂದು ಕೆಫೆಯಲ್ಲಿ ಉಪ್ಪಿನಕಾಯಿ ಇತ್ತು, ಊಟವೇ ಇರಲಿಲ್ಲ. ಇದಕ್ಕೆ ‘ಪಿಕಲ್ ಟೇಸ್ಟಿಂಗ್’ ಅಂತ ಹೆಸರು, ತಲೆಗೆ 1,200 ರೂಪಾಯಿ. ಚಿಕ್ಕವರಿದ್ದಾಗ ಅಡುಗೆಮನೆಗೆ ಕದ್ದು ಹೋಗಿ ನಾವು ಮಾಡುತ್ತಿದ್ದದ್ದೂ ಇದನ್ನೇ. ಆಗ ಏಟು ಬೆನ್ನಿಗೆ ಬೀಳುತ್ತಿತ್ತು, ಈಗ ಜೇಬಿಗೆ.

ಮೇಜಿನ ಮೇಲೆ ಏಳು ಪುಟ್ಟ ಗಾಜಿನ ಬಾಟಲಿ. ಕಪ್ಪು ಏಪ್ರನ್ ಹಾಕಿದ ಹುಡುಗ ಚಮಚದ ತುದಿಯಲ್ಲಿ ಚೂರು ಹೋಳು ಕೊಟ್ಟ. ‘ಮೊದಲು ಮೂಸಿ ಸರ್. ಆಮೇಲೆ ನಾಲಿಗೆ ಮೇಲೆ ಹತ್ತು ಸೆಕೆಂಡ್ ಇಟ್ಕೊಳ್ಳಿ. ಏನನ್ನಿಸುತ್ತೆ?’

‘ಉಪ್ಪು’ ಅಂದೆ. ಪಾಪ, ಅವನ ಮುಖ ಸಣ್ಣಗಾಯಿತು.

ಅದು ಅಪ್ಪೆಮಿಡಿ, ಮಲೆನಾಡಿನ ಮಾವಿನ ಮಿಡಿ. ‘ಸಿಂಗಲ್ ಒರಿಜಿನ್’, ಅಂದರೆ ಒಂದೇ ಕಡೆ ಬೆಳೆದದ್ದು ಅಂತ ವಿವರಿಸಿದ. ಸಾಗರ, ಸಿರ್ಸಿ ಕಡೆಯವರು ಕೇಳಿದ್ದರೆ ನಗುತ್ತಿದ್ದರು. ಅಲ್ಲಿ ಒಂದೊಂದು ಮರಕ್ಕೂ ಹೆಸರಿದೆ: ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ. ಹೊಳೆದಂಡೆಯ ಆ ಎತ್ತರದ ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳದಂತೆ ಇಳಿಸಬೇಕು. ಏಟು ಬಿದ್ದ ಮಿಡಿ ಜಾಡಿಯಲ್ಲಿ ಕೊಳೆಯುತ್ತದೆ. ಆಮೇಲೆ ಕಲ್ಲುಪ್ಪಿನಲ್ಲಿ ಚಿರುಟುವವರೆಗೆ ಕಾಯಬೇಕು. ಅದು ಬಿಟ್ಟ ಉಪ್ಪುನೀರು ಕುದಿಸಿ ಆರಿಸಿ, ಸಾಸಿವೆ, ಬ್ಯಾಡಗಿ ಮೆಣಸು ಅರೆದು ಕಲಸಬೇಕು. ಮರ ಹತ್ತಿದವನ ಸುದ್ದಿಯೇ ಲೇಬಲ್ ಮೇಲೆ ಇಲ್ಲ. ಕನ್ನಡಕ ಹಾಕಿದ ಒಬ್ಬ ಅಜ್ಜಿಯ ಚಿತ್ರ ಇದೆ. ಏಳೂ ಬಾಟಲಿಗೆ ಒಬ್ಬಳೇ ಅಜ್ಜಿ.

ಕೆಳಗೆ ‘ಹ್ಯಾಂಡ್‌ಮೇಡ್’ ಅಂತ ಬೇರೆ. ನಮ್ಮನೆಯಲ್ಲಿ ಜಾಡಿ ಹತ್ತಿರ ಕೈ ಹೋದರೆ ಸಾಕು, ‘ಒದ್ದೆ ಕೈ ತಾಗಿದ್ರೆ ಬೂಸು ಬರುತ್ತೆ ಕಣೋ’ ಅಂತ ಅಮ್ಮ ಕೂಗುತ್ತಿದ್ದಳು. ಐದನೇ ಬಾಟಲಿಯ ಕತ್ತಿನಲ್ಲಿ ಬಿಳಿ ಪದರ ಕಂಡಿತು.

‘ಬೂಸು ಬಂದಿದೆಯಲ್ಲಪ್ಪ?’

‘ಅಲ್ಲ ಸರ್, ಲೈವ್ ಕಲ್ಚರ್.’

ಅದಕ್ಕೆ 50 ರೂಪಾಯಿ ಜಾಸ್ತಿಯಂತೆ.

ಆರನೆಯದು ‘ಟ್ಯಾಮರಿಂಡ್ ರೆಲಿಶ್’. ಬಾಯಿಗಿಟ್ಟರೆ ನಮ್ಮ ಹುಣಸೆ ತೊಕ್ಕು! 150 ಗ್ರಾಂಗೆ 590 ರೂಪಾಯಿ. ತೊಕ್ಕು ಅಂತ ಕರೆದರೆ ಅಷ್ಟು ದುಡ್ಡು ಕೇಳಲು ಯಾರಿಗೂ ಬಾಯಿ ಬರಲ್ಲ, ಅಲ್ವಾ?

ಅಷ್ಟರಲ್ಲಿ ನಾಲಿಗೆ ಉರಿಯತೊಡಗಿತ್ತು. ಪಕ್ಕದಲ್ಲಿದ್ದ ಹಿರಿಯರು ತಡೆಯಲಾರದೆ ಕೇಳಿಯೇಬಿಟ್ಟರು: ‘ಮೊಸರನ್ನ ಎಷ್ಟೊತ್ತಿಗಪ್ಪಾ?’

‘ಈಗ ಪ್ಯಾಲೆಟ್ ಕ್ಲೆನ್ಸರ್ ಬರುತ್ತೆ ಸರ್.’

ಬಂತು. ಬೊಗಸೆಗೂ ಸಾಲದ, ಗುಬ್ಬಚ್ಚಿಗೆ ಇಡುವಂಥ ಬಟ್ಟಲಲ್ಲಿ ಒಂದು ಚಮಚ ಮೊಸರನ್ನ. ಮೇಲೆ ಒಂದೇ ಒಂದು ದಾಳಿಂಬೆ ಕಾಳು. ಎಲೆಯ ತುದಿಯಲ್ಲಿ ಉಪ್ಪಿನಕಾಯಿಗೆ ಸಿಗುತ್ತಿದ್ದ ಜಾಗ ಇವತ್ತು ಅನ್ನಕ್ಕೆ ಸಿಕ್ಕಿತ್ತು. ಹಿರಿಯರು ಒಂದೇ ತುತ್ತಿಗೆ ಮುಗಿಸಿ ಬಟ್ಟಲು ಮುಂದೆ ಚಾಚಿದರು.

‘ಇನ್ನೊಂದು ಸ್ವಲ್ಪ ಬಡಿಸಪ್ಪ.’

‘ಸಾರಿ ಸರ್, ಅದು ಒಬ್ಬರಿಗೆ ಒಂದೇ. ಬೇಕಿದ್ರೆ ಉಪ್ಪಿನಕಾಯಿ ಹಾಕ್ಲಾ?’