ಇನ್ನೊಂದು ಗೆಡ್ಡೆಗೆ ಜಾಗ

ಡೇರೆ ಹೂವಿನ ಗೆಡ್ಡೆ ಎಷ್ಟು ನೆಡಬೇಕು ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಹೇಳುತ್ತಾರೆ. ಮೊನ್ನೆಯಂತೂ ಒಬ್ಬರು ಕೇಳದೆಯೇ ಹೇಳಿದರು: "ಬೆಸ ಸಂಖ್ಯೆಯಲ್ಲಿ ನೆಡಿ. ಮೂರು, ಇಲ್ಲವೇ ಐದು. ಕಣ್ಣಿಗೆ ಹಿತ." ಅವರ ಮನೆಯಲ್ಲಿರುವುದು ಒಂದೇ ಒಂದು ಮನಿಪ್ಲಾಂಟು, ಅದೂ ಪ್ಲಾಸ್ಟಿಕ್ಕಿನದು. ಒಂದೂ ಬೆಸ ಸಂಖ್ಯೆಯೇ, ಇಲ್ಲವೆನ್ನುವುದಿಲ್ಲ.

ಲೆಕ್ಕವೇನೂ ಕಷ್ಟದ್ದಲ್ಲ. ಎತ್ತರಕ್ಕೆ ಬೆಳೆಯುವ ಡೇರೆಗೆ ಗಿಡದಿಂದ ಗಿಡಕ್ಕೆ 2 ಅಡಿ ಬಿಡಬೇಕು, ಗಿಡ್ಡ ಜಾತಿಗೆ 1 ಅಡಿ ಸಾಕು. ನನ್ನ ಪಾತಿ 10 ಅಡಿ ಉದ್ದ, 4 ಅಡಿ ಅಗಲ. ಎರಡು ಸಾಲು, ಸಾಲಿಗೆ ಐದು, ಒಟ್ಟು ಹತ್ತು. ಮೂರನೇ ಕ್ಲಾಸಿನ ಹುಡುಗನೂ ಬಾಯಲ್ಲೇ ಹೇಳುತ್ತಾನೆ. ಆದರೆ ಆ ಹುಡುಗನ ಮುಂದೆ ಬುಟ್ಟಿ ತುಂಬ ಗೆಡ್ಡೆ ಇರುವುದಿಲ್ಲವಲ್ಲ.

ಬುಟ್ಟಿಯಲ್ಲಿರುವುದೆಲ್ಲ ಚಿಗುರುತ್ತದೆ ಎಂದೂ ಇಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಕಣ್ಣಿರುವುದು ಕತ್ತಿನಲ್ಲಿ, ಹಳೆಯ ಕಾಂಡಕ್ಕೆ ಅಂಟಿಕೊಂಡ ಆ ಗಂಟಿನ ಹತ್ತಿರ ಮಾತ್ರ. ಕತ್ತು ಮುರಿದ ಗೆಡ್ಡೆ ಗುಂಡುಗುಂಡಗೆ, ಆರೋಗ್ಯವೇ ಮೂರ್ತಿವೆತ್ತಂತೆ ಕೂತಿರುತ್ತದೆ, ಆದರೆ ಚಿಗುರು ಮಾತ್ರ ಒಡೆಯುವುದಿಲ್ಲ. ಪಕ್ಕದಲ್ಲಿ ಒಣಶುಂಠಿಯಂತೆ ಸುರುಟಿದ್ದು ಕತ್ತಿನ ಬಳಿ ಸಾಸಿವೆಯಷ್ಟು ಕೆಂಪಗೆ ಉಬ್ಬಿರುತ್ತದೆ, ಬದುಕುವುದು ಅದು. ಹೀಗಾಗಿ ಕೆಲವು ಹೋಗುತ್ತವೆ ಎಂದು ಎರಡು ಹೆಚ್ಚು ನೆಡುವುದು ಜಾಣತನ. ಆ ಎರಡೂ ಹೋದರೆ ಎಂದು ಇನ್ನೆರಡು ನೆಡುವುದನ್ನು ಏನೆನ್ನುತ್ತಾರೋ, ಮನೆಯವಳು ಒಂದು ಪದ ಹೇಳುತ್ತಾಳೆ, ಇಲ್ಲಿ ಬರೆಯುವಂಥದ್ದಲ್ಲ.

ಇಷ್ಟಕ್ಕೆಲ್ಲ ಮೂಲ ನನ್ನ ಸೋದರತ್ತೆ. ಒಂದು ಗೆಡ್ಡೆ ನೆಟ್ಟರೆ ಅಗೆಯುವ ಹೊತ್ತಿಗೆ ಬುಡದಲ್ಲಿ ಗೊಂಚಲೇ ಇರುತ್ತದೆ. ಐದೇ ಹಿಡಿಯಿರಿ. ಮರುವರ್ಷ ಐದರಿಂದ 25, ಆಮೇಲೆ 125, ಐದನೆಯ ವರ್ಷಕ್ಕೆ 3,125. ಈ ಪ್ರವಾಹವನ್ನು ತಡೆಯಲು ಅತ್ತೆ ಕಂಡುಕೊಂಡ ದಾರಿ ದಾನ. ದಾನ ಎಂದೆನಲ್ಲ, ತಪ್ಪು ತಿಳಿಯಬೇಡಿ, ಅದು ಸಾಲ. ಯಾರಿಗೆ, ಯಾವಾಗ, ಯಾವ ಬಣ್ಣದ್ದು ಕೊಟ್ಟೆ ಎಂಬುದು ಅವರ ತಲೆಯಲ್ಲಿ ಅಚ್ಚೊತ್ತಿರುತ್ತದೆ. ಮದುವೆಯಲ್ಲಿ ಸಿಕ್ಕರೂ ಮೊದಲ ಪ್ರಶ್ನೆ, "ನಾನು ಕೊಟ್ಟದ್ದು ಮೊಗ್ಗು ಬಿಟ್ಟಿತಾ?" ಸತ್ತುಹೋಯಿತು ಎಂದವರನ್ನು ನೋಡುವ ನೋಟವೇ ಬೇರೆ. ಹಿಂದೊಮ್ಮೆ ನೆಂಟರೊಬ್ಬರು ಧೈರ್ಯ ಮಾಡಿ, "ನೀರು ಹೆಚ್ಚಾಗಿ ಕೊಳೆತಿತು ಅತ್ತಿಗೆ" ಎಂದರು. "ಚಿಗುರುವ ಮುಂಚೆ ನೀರು ಹಾಕಬೇಡ ಅಂದಿದ್ದೆನಲ್ಲ?" ಎಂದವರು ಊಟ ಮುಗಿಯುವವರೆಗೆ ಅವರ ಕಡೆ ತಿರುಗಲಿಲ್ಲ. ಮಾತು ಸತ್ಯವೇ, ಬೇರಿಲ್ಲದ ಗೆಡ್ಡೆಗೆ ನೀರು ಕುಡಿಯುವ ದಾರಿಯಿಲ್ಲ. ಆದರೂ ಪಾಯಸದ ಹೊತ್ತಿಗಾದರೂ ಕ್ಷಮಿಸಬಹುದಿತ್ತು.

ಅತ್ತೆ ಗೆಡ್ಡೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಪೆನ್ಸಿಲಿನಲ್ಲಿ ಬರೆದು ಕೊಡುತ್ತಾರೆ. "ಕೆಂಪು, ದೊಡ್ಡದು." "ಹಳದಿ, ಬಾವಿಕಟ್ಟೆಯದು." ಒಂದು ಪೊಟ್ಟಣದ ಮೇಲೆ ಬರೀ "ಅದೇ" ಎಂದಿತ್ತು. ಫೋನ್ ಮಾಡಿ ಕೇಳಿದೆ. "ಅದೇ ಕಣೋ, ಆವತ್ತು ನೋಡಿ ಚೆನ್ನಾಗಿದೆ ಅಂದಿದ್ದೆಯಲ್ಲ!" ನಾನು ಆವತ್ತು ಅವರ ಅಂಗಳದಲ್ಲಿ ನೋಡಿದ ಎಲ್ಲದಕ್ಕೂ ಚೆನ್ನಾಗಿದೆ ಎಂದಿದ್ದೆ, ಹಸುವಿಗೂ. ಈಗ ಆ ಪೊಟ್ಟಣವನ್ನು ಬಿಡುವ ಹಾಗಿಲ್ಲ. ಅವರು ಬಂದಾಗ ಮೊದಲು ಹುಡುಕುವುದು ಅದನ್ನೇ. ಬಣ್ಣ ಗೊತ್ತಿಲ್ಲದ್ದರಿಂದ ಎಲ್ಲಿ ನೆಡಬೇಕೆಂದೂ ಗೊತ್ತಿಲ್ಲ, 10 ಇಂಚಿನ ಹೂ ಬಿಡುವ ಜಾತಿಯೋ ಅಂಗೈಯಗಲದ್ದೋ ಎಂದೂ ಗೊತ್ತಿಲ್ಲ. ನೆಡುವಾಗಲೇ ಊರುಗೋಲು ಹುಗಿಯಬೇಕು. ಆಮೇಲೆ ಚುಚ್ಚಿದರೆ ಕೋಲು ನೇರ ಗೆಡ್ಡೆಯೊಳಗೇ ಇಳಿಯುತ್ತದೆ. ಎಷ್ಟು ಉದ್ದದ ಕೋಲು? ಅದೇ!

ಹೆಸರಿನ ಗೋಜು ಈ ಗಿಡಕ್ಕೆ ಹೊಸದಲ್ಲ ಬಿಡಿ. ಮೆಕ್ಸಿಕೋದಿಂದ ಮ್ಯಾಡ್ರಿಡ್ಡಿನ ರಾಜೋದ್ಯಾನಕ್ಕೆ ಬಂದು ಹೂ ಬಿಟ್ಟಾಗ, 1791ರಲ್ಲಿ ಅಲ್ಲಿನ ಕವನಿಯೆಸ್ ಎಂಬ ಸಸ್ಯವಿಜ್ಞಾನಿ ಇದಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ದಾಲ್‌ನ ಹೆಸರಿಟ್ಟ, ಡೇಲಿಯಾ ಎಂದು. ದಾಲ್ 1789ರಲ್ಲೇ ತೀರಿಕೊಂಡಿದ್ದ. ತನ್ನ ಹೆಸರಿನ ಗೆಡ್ಡೆ ಎಷ್ಟು ನೆಡಬೇಕೆಂಬ ತಲೆಬಿಸಿಯಿಂದ ಪುಣ್ಯಾತ್ಮ ಪಾರಾದ.

ಹತ್ತಕ್ಕೆ ನಿಲ್ಲಿಸಿ, ಮಿಕ್ಕದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಹಾಕಬಹುದು. ಬೀಜದಿಂದ ಬಂದ ಡೇರೆ ತಾಯಿಯಂತಿರುವುದಿಲ್ಲ. ಹುಟ್ಟುಗುಣಗಳನ್ನು ಹೊರುವ ವರ್ಣತಂತುಗಳು ನಮ್ಮ ಕೋಶದಲ್ಲಿ ಎರಡು ಕಟ್ಟು, ಒಟ್ಟು 46. ಅಂಗಳದ ಡೇರೆಯಲ್ಲಿ ಎಂಟು ಕಟ್ಟು, ಒಟ್ಟು 64. ಅಷ್ಟು ಇಸ್ಪೀಟೆಲೆ ಕಲಸಿ ಹಂಚಿದರೆ ಯಾವ ಬಣ್ಣ ಬಂದೀತೆಂದು ಯಾರು ಹೇಳಬೇಕು? ಗೆಡ್ಡೆಯಿಂದ ಬಂದದ್ದು ಮಾತ್ರ ಹಳೆಯ ಗಿಡವೇ, ಕೂದಲೆಳೆಯಷ್ಟೂ ಬೇರೆಯಲ್ಲ. ಅಂದರೆ ಒಂದನ್ನು ಉಳಿಸಿಕೊಂಡು ನಾಲ್ಕನ್ನು ಎಸೆದರೂ ಏನೂ ಕಳೆದುಹೋಗುವುದಿಲ್ಲ. ತರ್ಕ ಎಲ್ಲ ಸರಿ. ಕೈಯಲ್ಲಿ ಹಿಡಿದು, ಆ ಸಾಸಿವೆಯಷ್ಟು ಕೆಂಪು ಕಂಡ ಮೇಲೆ ಎಸೆದು ತೋರಿಸಿ.

"ಹತ್ತು ಅಂದ್ರೆ ಹತ್ತೇ ರೀ, ಕರಿಬೇವಿನ ಬುಡಕ್ಕೆ ಮಾತ್ರ ಕೈ ಹಾಕಬೇಡಿ" ಎಂದು ಆಜ್ಞೆಯಾಗಿದೆ. ಕರಿಬೇವಿನ ಬುಡ ನೆರಳು, ಡೇರೆಗೆ ದಿನಕ್ಕೆ ಅರ್ಧದಿನದ ಬಿಸಿಲಾದರೂ ಬೇಕು, ಆದ್ದರಿಂದ ಆಜ್ಞೆ ಪಾಲಿಸುವುದು ಸುಲಭ. ಕಾಂಪೌಂಡಿನ ಅಂಚಿನ ಬಗ್ಗೆ ಏನೂ ಹೇಳಿಲ್ಲ.

ಕೊಟ್ಟುಬಿಡೋಣ ಎಂದರೆ ಅದಕ್ಕೂ ಜನ ಬೇಕು. ಕೇಳುವವರೆಲ್ಲ ಹೂ ತುಂಬಿ ನಿಂತಾಗ ಗೇಟಿನ ಹತ್ತಿರ ನಿಂತು, "ಇದರ ಗೆಡ್ಡೆ ನಮಗೂ ಒಂದು ಇಟ್ಟಿರಿ ಸಾರ್" ಎನ್ನುತ್ತಾರೆ. ಆಗ ಗೆಡ್ಡೆ ಮಣ್ಣಿನೊಳಗೆ. ಅಗೆದು, ತೊಳೆದು, ನೆರಳಲ್ಲಿ ಒಣಗಿಸಿ, ಅವರ ಹೆಸರು ಬರೆದು ಇಟ್ಟು, ನೆಡುವ ಕಾಲಕ್ಕೆ ಫೋನ್ ಮಾಡಿದರೆ ಒಬ್ಬರೂ ಎತ್ತುವುದಿಲ್ಲ.