ಮಿಸ್ಟರ್ ಈವಿಲ್ ಮತ್ತೆ ಸಿಕ್ಕಿಬಿದ್ದ

ಡಿಜಿಟಲ್ ಫೊರೆನ್ಸಿಕ್ಸ್‌ನಲ್ಲಿ (ಕಂಪ್ಯೂಟರು, ಫೋನುಗಳಲ್ಲಿ ಅಪರಾಧದ ಸಾಕ್ಷ್ಯ ಹುಡುಕುವ ವಿದ್ಯೆ ಅದು) ಸ್ನಾತಕೋತ್ತರ ಪದವಿ ಮಾಡಿದವರು ಯಾರಾದರೂ ಸಿಕ್ಕರೆ, ಮೆಲ್ಲಗೆ ‘ಮಿಸ್ಟರ್ ಈವಿಲ್’ ಅಂದು ನೋಡಿ. ಬಾಲ್ಯದ ಗೆಳೆಯನ ಹೆಸರು ಕೇಳಿದ ಹಾಗೆ ಅವರ ಮುಖ ಅರಳುವ ಸಾಧ್ಯತೆ ಜಾಸ್ತಿ.

ಕಥೆ ಇಷ್ಟೇ. 2004ರ ಸೆಪ್ಟೆಂಬರ್ 20ರಂದು ವಾರಸುದಾರರಿಲ್ಲದ ಒಂದು ಡೆಲ್ ಲ್ಯಾಪ್‌ಟಾಪ್ ಸಿಕ್ಕಿತು. ಜೊತೆಗೊಂದು ವೈರ್‌ಲೆಸ್ ಕಾರ್ಡು, ಕೈಯಲ್ಲೇ ಮಾಡಿದ ಆಂಟೆನಾ. ಇದರ ಒಡೆಯ ತನ್ನನ್ನು ತಾನೇ ಮಿಸ್ಟರ್ ಈವಿಲ್ ಎಂದು ಕರೆದುಕೊಳ್ಳುತ್ತಾನೆ, ವೈಫೈ ಸಿಗುವ ಕಡೆ ಗಾಡಿ ನಿಲ್ಲಿಸಿ ಜನರ ಪಾಸ್‌ವರ್ಡ್ ಕದಿಯುತ್ತಾನೆ ಎಂಬ ಗುಮಾನಿ. ಇದೆಲ್ಲ ಕಟ್ಟುಕಥೆ. ಕಲಿಯುವವರ ಅಭ್ಯಾಸಕ್ಕೆಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಪುಕ್ಕಟೆ ಕೊಟ್ಟ ಡಿಸ್ಕ್ ಪ್ರತಿ ಅದು. ಅದರ ಜೊತೆ 31 ಪ್ರಶ್ನೆಗಳು. ಯಾವ ಆಪರೇಟಿಂಗ್ ಸಿಸ್ಟಮ್? ವಿಂಡೋಸ್ ಎಕ್ಸ್‌ಪಿ. ಕಂಪ್ಯೂಟರ್ ಕೊನೆಯ ಸಲ ಆರಿಸಿದ್ದು ಯಾವಾಗ? ರಿಸೈಕಲ್ ಬಿನ್‌ನಲ್ಲಿ ಎಷ್ಟು ಎಕ್ಸಿಕ್ಯೂಟಬಲ್ ಫೈಲ್? ನಾಲ್ಕು.

ಕೊಟ್ಟವರ ತಪ್ಪೇನಿಲ್ಲ, ಅಭ್ಯಾಸ ಚೆನ್ನಾಗಿಯೇ ಇದೆ. ಆದರೆ ಆ ಲ್ಯಾಪ್‌ಟಾಪ್‌ಗೆ ಈಗ ವೋಟು ಹಾಕುವ ವಯಸ್ಸು ದಾಟಿದೆ. ಅವನ ಯಂತ್ರದಲ್ಲಿರುವ ಈಥರಿಯಲ್ ಎಂಬ, ಜಾಲದಲ್ಲಿ ಓಡಾಡುವ ಮಾಹಿತಿ ಹಿಡಿದು ನೋಡುವ ತಂತ್ರಾಂಶ 2006ರಲ್ಲೇ ಹೆಸರು ಬದಲಿಸಿಕೊಂಡು ವೈರ್‌ಶಾರ್ಕ್ ಆಯಿತು. ಮಿಸ್ಟರ್ ಈವಿಲ್‌ಗೆ ಮಾತ್ರ ಬಿಡುಗಡೆ ಇಲ್ಲ. ಪ್ರತಿ ಸೆಮಿಸ್ಟರ್‌ಗೆ ಅವನನ್ನು ಎಬ್ಬಿಸುತ್ತಾರೆ, ಹಿಡಿಯುತ್ತಾರೆ, ಅಂಕ ಹಾಕುತ್ತಾರೆ, ಮತ್ತೆ ಮಲಗಿಸುತ್ತಾರೆ. ಉತ್ತರಗಳೆಲ್ಲ ಒಂದು ಹುಡುಕಾಟದ ದೂರದಲ್ಲಿವೆ. ನಾಳಿನ ಅಪರಾಧಗಳನ್ನು ಭೇದಿಸುವ ತಜ್ಞರನ್ನು ಹೀಗೆ ತಯಾರು ಮಾಡುತ್ತಾರೆ.

ನಮ್ಮ ತರಗತಿಯಲ್ಲಿ ಮೂವತ್ತು ಜನ ಮೂವತ್ತು ಸ್ವತಂತ್ರ ತನಿಖೆ ನಡೆಸಿದೆವು. ಮೂವತ್ತು ವರದಿಗಳಲ್ಲೂ ಒಂದೇ ಕಡೆ ಒಂದೇ ಕಾಗುಣಿತದ ತಪ್ಪು. ಅದೇ ವಾರ ಮೆಟಾಡೇಟಾ, ಅಂದರೆ ಫೈಲಿನ ಜೊತೆ ಅಡಗಿರುವ ವಿವರಗಳ ಪಾಠ. ಫೈಲ್‌ನ ಪ್ರಾಪರ್ಟೀಸ್ ತೆರೆದರೆ ಅದನ್ನು ಬರೆದವರ ಹೆಸರು ಸಿಗುತ್ತದೆ ಎಂದು ಮೇಷ್ಟ್ರು ಹೇಳಿದ್ದೇ ತಡ, ತರಗತಿಯಲ್ಲಿ ಅರ್ಧ ಜನ ಹೆಗಲು ಮುಟ್ಟಿ ನೋಡಿಕೊಂಡರು. ನಾನೂ ನೋಡಿಕೊಂಡೆ. ಆದರೆ ಭಯಪಡುವ ಅಗತ್ಯವೇ ಇರಲಿಲ್ಲ. ನಮ್ಮ ಪಕ್ಕದವನು ಸುಮ್ನೆ ಕುತೂಹಲಕ್ಕೆ ಮೇಷ್ಟ್ರ ಸ್ಲೈಡುಗಳ ಪ್ರಾಪರ್ಟೀಸ್ ತೆರೆದ. ಅಲ್ಲಿ ಇನ್ಯಾರದೋ ಹೆಸರಿತ್ತು.

ಈ ವಿದ್ಯೆಯ ಮೊದಲ ಪಾಠ ಎಲ್ಲ ಕಡೆಯೂ ಒಂದೇ. 1910ರಲ್ಲಿ ಫ್ರಾನ್ಸ್‌ನ ಲಿಯೋನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ಕಟ್ಟಿದ ಎಡ್ಮಂಡ್ ಲೊಕಾರ್ಡ್ ಹೆಸರಿನ ತತ್ವ: ಮುಟ್ಟಿದರೆ ಕುರುಹು ಉಳಿಯುತ್ತದೆ. ಹಾಗಾಗಿ ಸಾಕ್ಷ್ಯದ ಡಿಸ್ಕನ್ನು ನೇರ ಕಂಪ್ಯೂಟರಿಗೆ ಚುಚ್ಚಬಾರದು. ನಡುವೆ ರೈಟ್ ಬ್ಲಾಕರ್ ಇರಬೇಕು. ಅದು ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ನಮ್ಮ ಲ್ಯಾಬಿನಲ್ಲೂ ಒಂದಿತ್ತು. ಗಾಜಿನ ಕಪಾಟಿನಲ್ಲಿ, ಬೀಗದೊಳಗೆ, ಬಂದ ಡಬ್ಬದಲ್ಲೇ ಇತ್ತು. ತಪಾಸಣಾ ಸಮಿತಿ ಬಂದಾಗ ದೂರದಿಂದ ತೋರಿಸುತ್ತಿದ್ದರು. ಎರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಅದನ್ನು ಮುಟ್ಟಲಿಲ್ಲ. ಲೊಕಾರ್ಡ್ ಇವತ್ತು ಬಂದು ಹುಡುಕಿದರೂ ಅದರ ಮೇಲೆ ನಮ್ಮದೊಂದು ಬೆರಳಚ್ಚು ಸಿಗುವುದಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕಿತ್ತು. ಚೌಕಾಕಾರದ ಡಬ್ಬಿ ಅದು. ನಾನು ಚೌಕ ಬರೆದೆ, ಪೂರ್ತಿ ಅಂಕ ಬಂತು.

ಎರಡನೇ ಪಾಠವೂ ಒಂದೇ: ಫ್ಲಾಪಿ ಕಥೆ. ಅಮೆರಿಕದ ಸರಣಿ ಕೊಲೆಗಾರ ಡೆನಿಸ್ ರೇಡರ್ ದಶಕಗಟ್ಟಲೆ ಯಾರಿಗೂ ಸಿಕ್ಕಿರಲಿಲ್ಲ. ‘ಫ್ಲಾಪಿ ಕಳಿಸಿದರೆ ನನ್ನ ಪತ್ತೆ ಆಗುತ್ತಾ? ನಿಜ ಹೇಳಿ’ ಎಂದು ಅವನು ಪೊಲೀಸರನ್ನೇ ಕೇಳಿದ. ಏನೂ ಆಗಲ್ಲ ಎಂದು ಅವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಿಳಿಸಿದರು. ಪುಣ್ಯಾತ್ಮ ನಂಬಿದ. 2005ರಲ್ಲಿ ಫ್ಲಾಪಿ ಬಂತು. ಅದರಲ್ಲಿದ್ದ ಅಳಿಸಿದ ವರ್ಡ್ ಫೈಲಿನ ಮೆಟಾಡೇಟಾದಲ್ಲಿ ಅವನು ಹೋಗುತ್ತಿದ್ದ ಚರ್ಚಿನ ಹೆಸರು, ಜೊತೆಗೆ ‘ಡೆನಿಸ್’ ಎಂಬ ಹೆಸರು. ಮುಂದಿನದು ಗೊತ್ತೇ ಇದೆ.

ಇದನ್ನು ನಮ್ಮ ವಿದ್ಯೆಯ ಮಹಾವಿಜಯ ಎಂದು ಹೇಳಿಕೊಡುತ್ತಾರೆ. ಗೆದ್ದಿದ್ದು ಗೆದ್ದಂತೆಯೇ, ಒಪ್ಪೋಣ. ಆದರೆ ಕಳ್ಳ ಬಂದು ‘ನಾನು ಸಿಗ್ತೀನಾ?’ ಎಂದು ಕೇಳಿ, ಉತ್ತರ ನಂಬಿ, ಹೆಸರು ಬರೆದು ಕಳಿಸುವ ಪ್ರಕರಣಗಳು ಮುಂದೆ ಎಷ್ಟು ಬರುತ್ತವೆ ಎಂಬ ಬಗ್ಗೆ ಪಠ್ಯಕ್ರಮ ಮೌನವಾಗಿದೆ.

ಇನ್ನು ಬಟನ್ ವಿಷಯಕ್ಕೆ ಬರುತ್ತೇನೆ. ಈ ಕ್ಷೇತ್ರ ಈಗ ನಿಂತಿರುವುದೇ ಬಟನ್ ಮೇಲೆ. ಫೋನನ್ನು ತಂತಿಗೆ ಸಿಕ್ಕಿಸಿ, ಬಟನ್ ಒತ್ತಿ, ಪಟ್ಟಿ ತುಂಬುವುದನ್ನು ನೋಡುತ್ತಾ ಕೂರಿ. ಕೊನೆಗೆ ಹಸಿರು ಟಿಕ್ ಬರುತ್ತದೆ, ಅದರ ಹಿಂದೆ ಸಾವಿರಾರು ಪುಟದ ಪಿಡಿಎಫ್. ಅದರ ಕೆಳಗೆ ತಜ್ಞರು ಸಹಿ ಹಾಕುತ್ತಾರೆ. ಬಟನ್ ಹಿಂದೆ ಏನು ನಡೆಯಿತು ಎಂದು ಕೇಳಿದರೆ ‘ಟೂಲ್ ಹೇಳುತ್ತೆ’ ಎನ್ನುತ್ತಾರೆ. ಟೂಲ್ ಎಲ್ಲಿಂದ ಹೇಳುತ್ತೆ ಎಂದರೆ ‘ಲೈಸೆನ್ಸ್ ಇದೆ’ ಎನ್ನುತ್ತಾರೆ.

ಟೂಲ್ ಏನೇನು ಹೇಳಬಲ್ಲದು ಎಂಬುದಕ್ಕೆ 2011ರಲ್ಲಿ ಫ್ಲಾರಿಡಾದಲ್ಲಿ ನಡೆದ ಒಂದು ಕೊಲೆ ವಿಚಾರಣೆ ಇದೆ. ಆರೋಪಿಯ ಮನೆಯ ಕಂಪ್ಯೂಟರಿನಲ್ಲಿ ಕ್ಲೋರೋಫಾರಂ ಬಗ್ಗೆ ಒಂದು ಪುಟವನ್ನು 84 ಸಲ ನೋಡಲಾಗಿದೆ ಎಂದು ಒಂದು ಟೂಲ್ ಹೇಳಿತು. ಅದೇ ಫೈಲನ್ನು ಇನ್ನೊಂದು ಟೂಲ್ ಓದಿ ‘ಒಂದೇ ಸಲ’ ಎಂದಿತು. 84 ಎಂದ ಟೂಲನ್ನು ಬರೆದವನೇ ಸಾಕ್ಷಿ ಹೇಳಿದ ಮೇಲೆ ಮನೆಗೆ ಹೋಗಿ ಮತ್ತೆ ನೋಡಿದ. ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಆ 84 ಭೇಟಿಗಳು ಬೇರೊಂದು ಜಾಲತಾಣಕ್ಕೆ ಸೇರಿದ್ದವು. ಈ ಕಥೆಯಲ್ಲಿ ನನಗೆ ತುಂಬ ಗೌರವ ಇರುವುದು ಆ ತಂತ್ರಾಂಶ ಬರೆದವನ ಮೇಲೆ. ಅವನು ಮತ್ತೆ ನೋಡಿದನಲ್ಲ!

ನನ್ನ ಪ್ರಾಜೆಕ್ಟಿನಲ್ಲಿ ಯಾರೂ ಮತ್ತೆ ನೋಡಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಎದೆ ಹಗುರವಾಗಲಿ.

ಕಂಪ್ಯೂಟರುಗಳಿಗೆ ಒಂದು ವಿಚಿತ್ರ ಇದೆ. ಕಾಲ ಯಾವತ್ತು ಶುರುವಾಯಿತು ಎಂಬ ಬಗ್ಗೆ ಅವುಗಳಲ್ಲೇ ಒಮ್ಮತ ಇಲ್ಲ. ವಿಂಡೋಸ್ ಪ್ರಕಾರ 1601ರ ಜನವರಿ 1. ಯುನಿಕ್ಸ್ ಪ್ರಕಾರ 1970ರ ಜನವರಿ 1. ಆಪಲ್‌ನ ಹೊಸ ಲೆಕ್ಕದಲ್ಲಿ 2001ರ ಜನವರಿ 1. ಒಳಗೆ ಉಳಿಯುವುದು ಬರೀ ಒಂದು ದೊಡ್ಡ ಸಂಖ್ಯೆ, ಅಂದಿನಿಂದ ಇಂದಿಗೆ ಇಷ್ಟು ಎಣಿಕೆ ಎಂದು. ಯಾವ ‘ಅಂದಿನಿಂದ’ ಎಂದು ತಿಳಿಯುವ ಜವಾಬ್ದಾರಿ ನಮ್ಮದು. ನಾನು ಒಂದು ಐಫೋನಿನ ವಾಟ್ಸಾಪ್ ಡೇಟಾಬೇಸ್ ತೆಗೆದುಕೊಂಡೆ. ಸಂದೇಶಗಳ ಸಮಯವನ್ನು ಯುನಿಕ್ಸ್ ಲೆಕ್ಕದಲ್ಲಿ ಪರಿವರ್ತಿಸಿದೆ. ಅವು ಆಪಲ್ ಲೆಕ್ಕದವು. ಸರಿಯಾಗಿ 31 ವರ್ಷ ಹಿಂದೆ ಹೋಗಿಬಿಟ್ಟೆ.

ಹೀಗಾಗಿ ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಶಂಕಿತ ವ್ಯಕ್ತಿ 1989ರಲ್ಲಿ ವಾಟ್ಸಾಪ್ ಸಂದೇಶ ಕಳಿಸುತ್ತಾನೆ. ವಾಟ್ಸಾಪ್ ಶುರುವಾಗಿದ್ದು 2009ರಲ್ಲಿ. ಪಾಪ, ಆ ಮನುಷ್ಯ ಇಪ್ಪತ್ತು ವರ್ಷ ಮೊದಲೇ ಸಂದೇಶ ಕಳಿಸಿ ನೀಲಿ ಟಿಕ್‌ಗಾಗಿ ಕಾದು ಕೂತಿದ್ದ. ನಾನು ಅದಕ್ಕೊಂದು ಅಂದವಾದ ಕಾಲರೇಖೆಯನ್ನೂ ಬರೆದಿದ್ದೆ, ಬಣ್ಣ ಹಾಕಿ. ಮಾರ್ಗದರ್ಶಕರು ಓದಿ ಸಹಿ ಹಾಕಿದರು. ಹೊರಗಿನ ಪರೀಕ್ಷಕರು ಓದಿ ‘ಕಾಲಾನುಕ್ರಮದ ವಿಶ್ಲೇಷಣೆ ಅಚ್ಚುಕಟ್ಟಾಗಿದೆ’ ಎಂದು ಬರೆದರು. ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ: ಪುಟದ ಅಂಚು ನಿಯಮದ ಪ್ರಕಾರ ಇದೆಯಾ? ಸ್ಕೇಲ್ ಇಟ್ಟು ಅಳೆದರು. ಅಲ್ಲಿ ಮಾತ್ರ ವಿಜ್ಞಾನ ಇತ್ತು.

ತಪ್ಪು ನನಗೆ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ, ಕೆಲಸದ ಸಂದರ್ಶನಕ್ಕೆ ಅದೇ ಪ್ರಬಂಧ ಹಿಡಿದು ಹೊರಟಾಗ. ದಾರಿಯಲ್ಲಿ ಬೆವರಿದೆ. ಅವರು ತೆರೆದೇ ನೋಡಲಿಲ್ಲ. ‘ಯಾವ ಯಾವ ಟೂಲ್ ಬರುತ್ತೆ?’ ಎಂದಷ್ಟೇ ಕೇಳಿದರು. ಹೆಕ್ಸ್ ಎಡಿಟರ್‌ನಲ್ಲಿ ಬೈಟ್‌ಗಳನ್ನು ನೇರವಾಗಿ ಓದಬಲ್ಲೆ ಎಂದೆ. ಕ್ಯಾಲ್ಕುಲೇಟರ್ ಅಂಗಡಿಯಲ್ಲಿ ಮಗ್ಗಿ ಹೇಳಿದವನನ್ನು ನೋಡುವ ಹಾಗೆ ನೋಡಿದರು.

ತಜ್ಞರೇ ಆದ ಮೇಲೂ ಕಥೆ ಬದಲಾಗುವುದಿಲ್ಲ. ನೀನಾ ಸುಂಡೆ ಮತ್ತು ಇಟಿಯೆಲ್ ಡ್ರೋರ್ ಎಂಬಿಬ್ಬರು ಸಂಶೋಧಕರು 53 ಮಂದಿ ಪರೀಕ್ಷಕರಿಗೆ ಒಂದೇ ಡಿಸ್ಕ್ ಪ್ರತಿ ಕೊಟ್ಟರು. ಜೊತೆಗೆ ಹೇಳಿದ ಹಿನ್ನೆಲೆ ಮಾತ್ರ ಬೇರೆ ಬೇರೆ. 2021ರಲ್ಲಿ ಅದರ ಫಲಿತಾಂಶ ಬಂತು. ಶಂಕಿತ ಅಮಾಯಕ ಇರಬಹುದು ಎಂಬ ಸುಳಿವು ಪಡೆದವರಿಗೆ ಕಡಿಮೆ ಕುರುಹು ಕಂಡವು. ಒಂದೇ ಹಿನ್ನೆಲೆ ಕೇಳಿದವರಲ್ಲೂ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೊಂದಲಿಲ್ಲ. ನಮ್ಮ ಮೂವತ್ತು ವರದಿಗಳು ಅಕ್ಷರ ತಪ್ಪಿನವರೆಗೂ ಹೊಂದಿದ್ದವಲ್ಲ! ಆ ವಿಷಯದಲ್ಲಿ ನಾವೇ ಎಷ್ಟೋ ವಾಸಿ ಅನಿಸಿತು.

ಪಠ್ಯಕ್ರಮ ಇನ್ನೂ ತಿರುಗುವ ಹಾರ್ಡ್ ಡಿಸ್ಕಿನ ಸುತ್ತಲೇ ತಿರುಗುತ್ತಿದೆ. ಡಿಸ್ಕ್ ಮೇಲೆ 35 ಸಲ ಬರೆದು ಅಳಿಸುವ ಕ್ರಮದ ಮೇಲೆ ಹತ್ತು ಅಂಕದ ಪ್ರಶ್ನೆ ಖಾಯಂ. ಅದು ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಲೇಖನದ್ದು. ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕ್‌ಗಳನ್ನೆಲ್ಲ ಲೆಕ್ಕ ಹಾಕಿ 35 ಎಂದಿದ್ದರು. ಜನ ಅದನ್ನು ಮಂತ್ರದ ಹಾಗೆ ಜಪಿಸುತ್ತಿದ್ದಾರೆ ಎಂದು ಆಮೇಲೆ ಅವರೇ ಬೇಸರಪಟ್ಟರು. ಈಗಿನ ಎಸ್‌ಎಸ್‌ಡಿಗಳದು ಇದಕ್ಕೆ ಉಲ್ಟಾ ಸಮಸ್ಯೆ. ಫೈಲ್ ಅಳಿಸಿದ ಮೇಲೆ ‘ಈ ಜಾಗ ಇನ್ನು ಬೇಡ’ ಎಂಬ ಟ್ರಿಮ್ ಆದೇಶ ಹೋಗಿದ್ದರೆ, ಕರೆಂಟು ಸಿಕ್ಕ ತಕ್ಷಣ ಅವು ತಮ್ಮ ಪಾಡಿಗೆ ಒಳಗಿನ ಕಸ ಗುಡಿಸಿಕೊಳ್ಳುತ್ತವೆ. ರೈಟ್ ಬ್ಲಾಕರ್ ಹೊರಗಿನಿಂದ ಬರೆಯುವುದನ್ನು ತಡೆಯಬಹುದು. ಡಿಸ್ಕು ತನ್ನೊಳಗೇ ಅಳಿಸಿಕೊಂಡರೆ ಯಾರು ಏನು ಮಾಡಬೇಕು? ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ, ಮನೆಯೊಳಗೆ ಯಜಮಾನನೇ ಕಾಗದ ಸುಡುತ್ತಿದ್ದಾನೆ.

ಫೋನಿನ ಕಥೆ ಇನ್ನೂ ಚೆಂದ. ಐಫೋನಿನ ಆಪರೇಟಿಂಗ್ ಸಿಸ್ಟಮ್ ಐಓಎಸ್ 18.1 ಬಂದ ಮೇಲೆ, 72 ಗಂಟೆ ಬೀಗ ತೆರೆಯದೆ ಇಟ್ಟ ಐಫೋನ್ ತಾನಾಗಿಯೇ ಮರುಪ್ರಾರಂಭ ಆಗುತ್ತದೆ. ಆಮೇಲೆ ಪಾಸ್‌ಕೋಡ್ ಹಾಕುವ ತನಕ ಒಳಗಿನ ಬಹುಪಾಲು ಮಾಹಿತಿಯ ಕೀಲಿಗಳೇ ಇರುವುದಿಲ್ಲ. ವಶಪಡಿಸಿಕೊಂಡ ಫೋನಿನ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ 72 ಗಂಟೆಯಲ್ಲಿ ತಲುಪುವ ಕಚೇರಿ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಅರ್ಜಿ ಹಾಕುತ್ತೇನೆ.

ಹ್ಯಾಶ್ ಬಗ್ಗೆ, ಅಂದರೆ ಫೈಲ್ ಬದಲಾಗಿಲ್ಲ ಎಂದು ತೋರಿಸಲು ಅದರಿಂದಲೇ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆಯ ಬಗ್ಗೆ, ಜಾಸ್ತಿ ಹೇಳುವುದಿಲ್ಲ. ಎಂಡಿ5 ಎಂಬ ಹ್ಯಾಶ್ ವಿಧಾನಕ್ಕೆ 2004ರಲ್ಲೇ ಘರ್ಷಣೆ ತೋರಿಸಿದರು, ಅಂದರೆ ಎರಡು ಬೇರೆ ಫೈಲಿಗೆ ಒಂದೇ ಹ್ಯಾಶ್. 2017ರಲ್ಲಿ ಎಸ್‌ಎಚ್‌ಎ-1ಕ್ಕೂ ಅದೇ ಗತಿ. ಅಕಸ್ಮಾತ್ ಆದ ಬದಲಾವಣೆ ಹಿಡಿಯಲು ಅವು ಈಗಲೂ ಸಾಕು, ಅದು ಬೇರೆ ಮಾತು. ನಮ್ಮ ಲ್ಯಾಬಿನ ಫಾರಂನಲ್ಲಿ ಎಂಡಿ5 ಬರೆಯಲು ಮಾತ್ರ ಜಾಗ ಇತ್ತು. ಎಸ್‌ಎಚ್‌ಎ-256 ಬರೆಯಬಹುದಾ ಎಂದು ಕೇಳಿದೆ. ಅದು ಉದ್ದ ಜಾಸ್ತಿ, ಚೌಕದಲ್ಲಿ ಹಿಡಿಸಲ್ಲ ಎಂದರು.

ಕೊನೆಗೂ ಪದವಿ ಕೈಗೆ ಬಂತು. ಪ್ರಮಾಣಪತ್ರವನ್ನು ಪಿಡಿಎಫ್‌ನಲ್ಲೂ ಕಳಿಸಿದ್ದರು. ಅಭ್ಯಾಸಬಲ, ಪ್ರಾಪರ್ಟೀಸ್ ತೆರೆದೆ. ಶೀರ್ಷಿಕೆಯ ಜಾಗದಲ್ಲಿ ‘ಫೈನಲ್ ಫೈನಲ್ 2’ ಎಂದಿತ್ತು. ತಕ್ಷಣ ಮುಚ್ಚಿದೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಮತ್ತೆ ನೋಡಲಿಲ್ಲ.

ಆ ವಾರವೇ ಹತ್ತಿರದ ಸಂಬಂಧಿಯೊಬ್ಬರು ಫೋನ್ ಹಿಡಿದು ಬಂದರು. ಹೋದ ವರ್ಷ ಅಳಿಸಿದ ಫೋಟೊಗಳು ವಾಪಸ್ ಬೇಕಂತೆ. ಪ್ರತಿ ಫೈಲಿಗೂ ಬೇರೆ ಕೀಲಿ ಇರುತ್ತದೆ, ಫೈಲ್ ಅಳಿಸಿದಾಗ ಕೀಲಿಯೂ ಹೋಗುತ್ತದೆ, ಬ್ಯಾಕಪ್ ಇಲ್ಲದಿದ್ದರೆ ಕಷ್ಟ ಎಂದು ಸಾವಧಾನವಾಗಿ ವಿವರಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಹಾಗಾದರೆ ಎರಡು ವರ್ಷ ಓದಿ ಮಾಡಿದ್ದೇನು?’

‘ಒಬ್ಬ ಕಳ್ಳನನ್ನು ಹಿಡಿದೆ.’

‘ಹೌದಾ! ಸಿಕ್ಕಿದನಾ?’

‘ಹೂಂ, ಪ್ರತಿ ವರ್ಷ ಸಿಗ್ತಾನೆ.’