ನೀರಿಗೆ ಇಳಿಯಬೇ...

ಜಲಪಾತಕ್ಕೆ ಹೋಗುವ ಕಾಡುದಾರಿ ಶುರುವಾಗುವಲ್ಲಿ ಒಂದು ಬೋರ್ಡ್ ಇರುತ್ತದೆ. ‘ಜಲಪಾತ 2 ಕಿ.ಮೀ. ಸುಲಭ ದಾರಿ.’ ಸುಳ್ಳೇನಲ್ಲ ಬಿಡಿ, ಇಳಿಯುವುದು ಸುಲಭವೇ. ವಾಪಸ್ ಹತ್ತುವ ವಿಷಯ ಮಾತ್ರ ಬೋರ್ಡ್ ಬರೆಸಿದವರಿಗೆ ಹೊಳೆದಿಲ್ಲ. ಬಹುಶಃ ಅವರು ಕೆಳಗೆ ಹೋಗಿಯೇ ಇಲ್ಲ. ಬೆಟ್ಟ ಹತ್ತುವವರಿಗೆ ಸುಸ್ತಾದರೆ ಅಲ್ಲಿಂದಲೇ ತಿರುಗಿ ಇಳಿದುಬಿಡುವ ಅನುಕೂಲ ಇದೆ. ಇಲ್ಲಿ ಸುಸ್ತು ಶುರುವಾಗುವುದೇ ತಿರುಗಿದ ಮೇಲೆ.

1892ರಲ್ಲೇ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಒಂದು ಲೆಕ್ಕ ಕೊಟ್ಟಿದ್ದ. ಗಂಟೆಗೆ ಸುಮಾರು 5 ಕಿ.ಮೀ. ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 300 ಮೀಟರ್ ಆಳದಲ್ಲಿರುವ ಜಲಪಾತದಿಂದ ಮೇಲೆ ಬರಲು ಅರ್ಧ ಗಂಟೆ ಜಾಸ್ತಿ, ಅದೂ ಕಾಲು ಗಟ್ಟಿ ಇದ್ದವರಿಗೆ. ಇದನ್ನು ಬರೆಯಲು ಒಂದು ಸಾಲು ಸಾಕಿತ್ತು, ಆದರೆ ಜಾಗವನ್ನೆಲ್ಲ ‘ಸುಸ್ವಾಗತ’ ತಿಂದುಹಾಕಿದೆ.

ಕೆಳಗೆ ಇನ್ನೊಂದು ಬೋರ್ಡ್. ಪಾಪ, ಅದು ನಿಜ ಹೇಳುತ್ತದೆ. ಹಾಗಾಗಿ ಯಾರೂ ಓದುವುದಿಲ್ಲ. ‘ನೀರಿಗೆ ಇಳಿಯಬೇಡಿ.’ ನಾನು ಹೋದ ದಿನ ಯಾರೋ ಅದರ ಮೇಲೆ ಒದ್ದೆ ಪ್ಯಾಂಟ್ ಒಣಹಾಕಿದ್ದರು. ಪ್ಯಾಂಟಿನ ಒಂದು ಕಾಲು ಸರಿಯಾಗಿ ‘ಡಿ’ ಮೇಲೆ ಇಳಿಬಿದ್ದು ‘ನೀರಿಗೆ ಇಳಿಯಬೇ’ ಅಷ್ಟೇ ಕಾಣುತ್ತಿತ್ತು. ‘ಕು’ ಅನ್ನುವುದನ್ನು ಜನ ತಾವೇ ಸೇರಿಸಿಕೊಂಡು ನೀರಿನಲ್ಲಿದ್ದರು.

“ಬೋರ್ಡ್ ನೋಡಿಲ್ವಾ ಸಾರ್?” ಅಂದೆ.

“ಅದು ಈಜು ಬರದವರಿಗೆ.”

ಜಲಪಾತದ ಬುಡದ ಆ ಬಿಳಿ ನೊರೆ ಇದೆಯಲ್ಲ, ಅದರ ತುಂಬ ಗಾಳಿಗುಳ್ಳೆ, ಅದು ಮೈಯನ್ನು ಮಾಮೂಲಿ ನೀರಿನ ಹಾಗೆ ತೇಲಿಸುವುದಿಲ್ಲ, ಸಾಲದ್ದಕ್ಕೆ ಮೇಲಿಂದ ಬೀಳುವ ನೀರು ಸುಳಿ ತಿರುಗಿ ವಾಪಸ್ ತನ್ನ ಬುಡಕ್ಕೇ ಎಳೆಯುತ್ತದೆ. ಸುಳಿಗೆ ಈಜಿನ ಸರ್ಟಿಫಿಕೇಟ್ ತೋರಿಸಿದರೆ ಬಿಟ್ಟುಬಿಡುತ್ತದಾ? ಇದನ್ನೆಲ್ಲ ಹೇಳಲು ಹೊರಟೆ. ಅವರು ಮೊಬೈಲನ್ನು ನನ್ನ ಕೈಗಿಟ್ಟು, “ಹಿಂದೆ ನೀರು ಬರೋ ಹಾಗೆ ಒಂದು ಫೋಟೋ ತೆಗೀರಿ” ಅಂದರು. ಸುಮ್ನೆ ತೆಗೆದುಕೊಟ್ಟೆ. ಬೋರ್ಡೂ ಬಂತು, ಪ್ಯಾಂಟೂ ಬಂತು.

ಹತ್ತುವಾಗ ಮೂರನೇ ತಿರುವಿನಲ್ಲಿ ಒಂದು ಬೇರು ಹಿಡಿದು ನಿಂತಿದ್ದೆ. ತೊಡೆ ನಡುಗುತ್ತಿತ್ತು. ಎದುರಿಗೆ ನಗುತ್ತಾ ಇಳಿದು ಬಂದ ಗಂಡಹೆಂಡತಿ, “ದಾರಿ ಕಷ್ಟ ಇಲ್ಲ ಅಲ್ವಾ?” ಅಂತ ಕೇಳಿದರು. ನಿಜ ಹೇಳಲು ಕನಿಷ್ಠ ನಾಲ್ಕು ವಾಕ್ಯ ಬೇಕು. ನನ್ನ ಹತ್ತಿರ ಎರಡು ಪದಕ್ಕಾಗುವಷ್ಟೇ ಉಸಿರಿತ್ತು.

“ಸುಲಭ. ಹೋಗಿ.”